ಅವನ ಮದುವೆ ಪ್ರಕಟಣೆ ಓದಿದ ಮೇಲೆ: ಮನಸ್ಸು ಮುರಿದಾಗ ಬೈಬಲ್ ಇಟ್ಕೊಂಡು ಏನ್ ಮಾಡ್ಬೋದು

ಚರ್ಚಲ್ಲಿ ಮದುವೆ ಪ್ರಕಟಣೆ ಓದ್ತಾರಲ್ಲ, ಸಾಲಾಗಿ ಮೂರು ಭಾನುವಾರ, ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯ ಆಗಿದೆ, ಇದಕ್ಕೆ ಅಡ್ಡಿ ಇದೆ ಅಂತ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಬೇಕು ಅಂತ. ಆರು ವರ್ಷ ಪ್ರೀತಿ ಮಾಡಿದ ಹುಡುಗನ ಹೆಸರನ್ನ ನಾನು ಆ ಪ್ರಕಟಣೇಲಿ ಕೇಳಿದೆ, ಕ್ವಯರ್ ಅಂದ್ರೆ ಚರ್ಚಲ್ಲಿ ಹಾಡೋ ಗುಂಪಿನ ಬೆಂಚಲ್ಲಿ ಕೂತ್ಕೊಂಡು, ಪಕ್ಕದಲ್ಲಿದ್ದ ಹುಡುಗಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡಿದ್ಲು, ಎಲ್ಲಿ ಎದ್ದು ನಿಂತು ಅಡ್ಡಿ ಇದೆ ಅಂದ್ಬಿಡ್ತೀನೋ ಅಂತ. ಅಡ್ಡಿ ಇದ್ದಿದ್ದು ನಮಗೆ, ಅವರಿಗಲ್ಲ. ಕ್ರಿಸ್ತನಲ್ಲಿ ಭೇದ ಇಲ್ಲ ಅಂತ ಪ್ರಸಂಗ ಕೇಳಿ ಆಮೆನ್ ಅಂದು ಮನೆಗೆ ಹೋಗ್ತೀವಿ, ಮದುವೆ ಮಾತು ಬಂದ ತಕ್ಷಣ ಯಾರ ತಾತ ಯಾವ ಕೇರಿಯಿಂದ ಬಂದೋರು ಅನ್ನೋದು ನೆನಪಾಗತ್ತೆ. ಅದರ ಬಗ್ಗೆ ಬರೀತಾ ಹೋದ್ರೆ ಬೇರೆಯದೇ ಕಥೆ ಆಗತ್ತೆ, ಬಿಡಿ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಯಾರಾದ್ರೂ ಹುಡುಗಿ, ಕೆಲವೊಮ್ಮೆ ಹುಡುಗರೂ, ಅಕ್ಕಾ ನೀವು ಹೇಗೆ ಸುಧಾರಿಸ್ಕೊಂಡ್ರಿ, ಪ್ರಾರ್ಥನೆ ಮಾಡು ಅಂತ ಎಲ್ರೂ ಹೇಳ್ತಾರೆ ಆದ್ರೆ ಮೊಣಕಾಲೂರಿದ್ರೆ ಅವನ ಮುಖಾನೇ ಬರತ್ತೆ ಅಂತ ಕೇಳ್ತಾರೆ. ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಇಲ್ಲಿ ಬರೆದಿಡ್ತೀನಿ. ನಾನು ಪಾಸ್ಟರೂ ಅಲ್ಲ ಕೌನ್ಸೆಲರೂ ಅಲ್ಲ, ತುಮಕೂರಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳೋಳು. ಲೆಕ್ಕ ಬರೆಯೋರಿಗೆ ಒಂದು ಬುದ್ಧಿ ಇರತ್ತೆ, ಕಳೆದಿದ್ದನ್ನ ಮೊದಲು ಕಳೆದಿದೆ ಅಂತಾನೇ ಬರೀಬೇಕು, ಇಲ್ಲದಿದ್ರೆ ಕೊನೇಲಿ ಯಾವುದೂ ತಾಳೆ ಆಗಲ್ಲ. ದೇವರ ಮುಂದೆ ಕೂತಾಗ್ಲೂ ನಾನು ಹಿಡ್ಕೊಂಡಿದ್ದು ಅದನ್ನೇ. ಸ್ತೋತ್ರ ಆಮೇಲೆ, ಮೊದಲು ದೂರು.

ಮೊದಲು ಊಟ ನಿದ್ದೆ

ದೂರು ಕೊಡೋಕೂ ತ್ರಾಣ ಬೇಕಲ್ಲ. ಬೈಬಲ್‌ನ ಒಂದನೇ ಅರಸು ಪುಸ್ತಕದ 19ನೇ ಅಧ್ಯಾಯ ತೆಗೀರಿ, ಎಲೀಯನ ಕಥೆ. ಅಷ್ಟು ದೊಡ್ಡ ಪ್ರವಾದಿ, ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸ್ದೋನು, ಇಲ್ಲಿ ಅಡವೀಲಿ ಒಂದು ಗಿಡದ ಕೆಳಗೆ ಕೂತು ನನಗೆ ಸಾಕಾಯ್ತು ಸ್ವಾಮಿ ನನ್ನ ಪ್ರಾಣ ತಗೊಂಬಿಡು ಅಂತಾನೆ. ಆಗ ದೇವದೂತ ಬಂದು ಏನ್ ಮಾಡ್ತಾನೆ ನೋಡಿ, ನಿನ್ನ ನಂಬಿಕೆ ಎಲ್ಲೋಯ್ತು ಅಂತ ಒಂದು ಮಾತೂ ಕೇಳಲ್ಲ, ತಟ್ಟಿ ಎಬ್ಬಿಸಿ ಎದ್ದು ಊಟ ಮಾಡು ಅಂತಾನೆ, ತಲೆ ಹತ್ರ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗ್ತಾನೆ. ಎರಡನೇ ಸಲ ಎಬ್ಬಿಸಿ ಇನ್ನೊಂದು ಸಲ ತಿನ್ನು, ದಾರಿ ದೂರ ಇದೆ ಅಂತಾನೆ. ಇಲ್ಲೇನ್ ಮಾಡ್ತಿದೀಯ ಎಲೀಯಾ ಅಂತ ದೇವರು ಮಾತಾಡ್ಸೋದು ಇದೆಲ್ಲ ಆಗಿ ಎಷ್ಟೋ ದಿನ ಆದ್ಮೇಲೆ, ಹೋರೇಬ್ ಬೆಟ್ಟದ ಗುಹೇಲಿ.

ಹಾಗಾಗಿ ಮೊದಲ ಹದಿನೈದು ದಿನ ದೊಡ್ಡ ಪ್ರಾರ್ಥನೆ ಗೀರ್ಥನೆ ಅಂತ ತಲೆ ಕೆಡಿಸ್ಕೋಬೇಡಿ. ನಮ್ಮಮ್ಮ ದಿನಾ ಮುದ್ದೆ ಉಪ್ಸಾರು ತಟ್ಟೆಗೆ ಹಾಕಿ ಎದುರಿಗೆ ಕೂತ್ಬಿಡೋರು, ಒಂದು ಮಾತಾಡ್ತಿರಲಿಲ್ಲ, ಅರ್ಧ ಮುದ್ದೆ ನುಂಗೋವರೆಗೂ ಏಳ್ತಿರಲಿಲ್ಲ. ಆಗ ಸಿಟ್ಟು ಬರೋದು. ನಿಮ್ಮ ಮನೇಲಿ ಅಂಥೋರು ಯಾರಾದ್ರೂ ಇದ್ರೆ ಅವರ ಮಾತು ಕೇಳಿ, ಹಾಸ್ಟೆಲ್ಲು ರೂಮು ಅಂತ ಒಬ್ರೇ ಇದ್ರೆ ಫ್ರೆಂಡಿಗೆ ಹೇಳಿಡಿ, ದಿನಕ್ಕೆ ಎರಡು ಸಲ ಊಟ ಆಯ್ತಾ ಅಂತ ಬರೀ ಅಷ್ಟೇ ಕೇಳು ಅಂತ. ಬೇಸರಕ್ಕೆ ಉಪವಾಸ ಇರೋದು ಬೇಡವೇ ಬೇಡ. ನಾನು ಅವನು ವಾಪಸ್ ಬರ್ಲಿ ಅಂತ ಶುಕ್ರವಾರ ಶುಕ್ರವಾರ ಉಪವಾಸ ಮಾಡಿ ಆಫೀಸ್ ಮೆಟ್ಟಿಲಲ್ಲಿ ತಲೆ ತಿರುಗಿ ಬಿದ್ದು ಹಲ್ಲು ಚೂರು ಮಾಡ್ಕೊಂಡಿದೀನಿ. ಹಲ್ಲಿನ ಡಾಕ್ಟ್ರು ಹೇಗಾಯ್ತು ಅಂದ್ರು, ಭಕ್ತಿಯಿಂದ ಅನ್ನೋಕಾಗತ್ತಾ.

ಎಲೀಯನ ಥರ ಸಾಕಾಯ್ತು ಪ್ರಾಣ ಹೋಗ್ಲಿ ಅನ್ನೋ ಯೋಚನೆ ನಿಮಗೂ ಬರ್ತಿದ್ರೆ ಅದನ್ನ ಪಾಪ ಅಂತ ಮುಚ್ಚಿಡಬೇಡಿ, ಒಬ್ರಿಗೆ ಬಾಯಿಬಿಟ್ಟು ಹೇಳಿ. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರ್ ಇದೆ, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಡಾಕ್ಟ್ರ ಹತ್ರ ಹೋದ್ರೆ ವಿಶ್ವಾಸ ಕಮ್ಮಿ ಅಂತ ಯಾರಾದ್ರೂ ಅಂದ್ರೆ, ಆ ದೇವದೂತ ರೊಟ್ಟಿ ತಂದಿದ್ದು ಯಾಕೆ ಅಂತ ಕೇಳಿ ಅವರನ್ನ.

ದೂರಿನ ಕೀರ್ತನೆಗಳು

ಚಿಕ್ಕೋರಿದ್ದಾಗ ಸಂಡೇ ಸ್ಕೂಲಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಬೈಬಲ್‌ನ ಕೀರ್ತನೆಗಳ ಪುಸ್ತಕದಿಂದ 23, 100, 121. ಎಲ್ಲಾ ಚೆನ್ನಾಗಿರೋವು. ಆದ್ರೆ 150 ಕೀರ್ತನೆಲಿ ಸುಮಾರು ಮೂರನೇ ಒಂದು ಭಾಗ ಅಳುವೇ ಇದೆ, ಅದನ್ನ ಯಾರೂ ಬಾಯಿಪಾಠ ಮಾಡಿಸಲ್ಲ. 13 ಚಿಕ್ಕದು, ಆರೇ ವಚನ, ಮೊದಲ ಎರಡು ವಚನದಲ್ಲೇ ಬರೆದೋನು ನಾಲ್ಕು ಸಲ ಎಲ್ಲಿವರೆಗೆ ಎಲ್ಲಿವರೆಗೆ ಅಂತ ಕೇಳ್ತಾನೆ. 6ರಲ್ಲಿ ರಾತ್ರಿಯೆಲ್ಲಾ ಅತ್ತು ಹಾಸಿಗೆ ತೇಲ್ತಿದೆ ಅಂತಾನೆ. 42ರಲ್ಲಿ ಹಗಲೂ ರಾತ್ರಿ ಕಣ್ಣೀರೇ ನನಗೆ ಊಟ ಅಂತಾನೆ. ಇವೆಲ್ಲ ದಿನಕ್ಕೊಂದು ಓದಿ.

ಆದ್ರೆ ಪ್ರೀತಿ ಕಳ್ಕೊಂಡೋರಿಗೆ ಅಂತಾನೇ ಬರೆದಿರೋ ಹಾಗೆ ಇರೋದು 55. ನನಗೆ ಇದು ಸಿಕ್ಕಿದ್ದು ಒಂದು ರಾತ್ರಿ ಎರಡು ಗಂಟೆಗೆ, ನಮ್ಮ ಮನೆ ಬಿ.ಎಚ್. ರೋಡಿಗೆ ಹತ್ರ, ಲಾರಿ ಸದ್ದು ಬಿಟ್ರೆ ಏನಿಲ್ಲ, ನಿದ್ದೆ ಬರ್ದೆ ಸುಮ್ನೆ ಹಾಳೆ ತಿರುಗಿಸ್ತಾ ಇದ್ದೆ. ಮೊದಲು ಪಾರಿವಾಳದ ಥರ ರೆಕ್ಕೆ ಇದ್ದಿದ್ರೆ ಹಾರಿಹೋಗ್ತಿದ್ದೆ ಅಂತಾನೆ. ಆಮೇಲೆ 12ನೇ ವಚನದಿಂದ ನೋಡಿ, ವೈರಿ ಆಗಿದ್ರೆ ತಡ್ಕೋಬೋದಿತ್ತು, ದ್ವೇಷ ಮಾಡೋನಾಗಿದ್ರೆ ಬಚ್ಚಿಟ್ಕೋಬೋದಿತ್ತು, ಆದ್ರೆ ಇದು ನೀನು, ನನ್ನ ಆಪ್ತ, ಇಬ್ರೂ ಜೊತೇಲಿ ಜನರ ಗುಂಪಿನ ಮಧ್ಯೆ ದೇವರ ಮನೆಗೆ ಹೋಗ್ತಿದ್ವಲ್ಲ ಅಂತ. ಜೊತೇಲಿ ದೇವರ ಮನೆಗೆ! ಆರು ವರ್ಷ ಅದೇ ಕ್ವಯರು, ಅವನದು ಟೆನರ್ ದನಿ ನನ್ನದು ಆಲ್ಟೊ, ಪ್ರಾಕ್ಟೀಸ್ ಮುಗಿಸಿ ಅವನ ಬೈಕಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ. ಇದನ್ನ ಬರೆದೋನಿಗೆ ನನ್ನ ವಿಷಯ ಹೇಗೆ ಗೊತ್ತಾಯ್ತು ಅನ್ನೋ ಹಾಗಿತ್ತು. ಅವತ್ತು ಮೊದಲನೇ ಸಲ ಹೊಟ್ಟೆಯಿಂದ ಅಳು ಬಂತು, ಅತ್ತ ಮೇಲೆ ಬೆಳಗಿನವರೆಗೆ ನಿದ್ದೆ.

15ನೇ ವಚನದಲ್ಲಿ ಶಾಪ ಇದೆ, ಅವರಿಗೆ ಸಾವು ಬರ್ಲಿ ಅನ್ನೋ ಥರ. ಅದನ್ನ ಬಿಟ್ಟು ಓದಬೇಡಿ. ಹೊಟ್ಟೆಲಿರೋ ಉರಿ ದೇವರ ಮುಂದೆ ಹೊರಗೆ ಬಂದ್ರೆ ಅಲ್ಲಿಗೆ ನಿಂತ್ಕೊಳತ್ತೆ, ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೆ ಅವನ ಹೆಂಡತಿ ಆಗೋಳಿಗೆ ಮೆಸೇಜಾಗಿ ಹೋಗತ್ತೆ. ಮೆಸೇಜ್ ಟೈಪ್ ಮಾಡಿ ಡಿಲೀಟ್ ಮಾಡಿದೋಳು ಹೇಳ್ತಿದೀನಿ.

ಓದೋದು ಹೇಗೆ ಅಂದ್ರೆ, ಜೋರಾಗಿ. ಮನಸ್ಸಲ್ಲೇ ಓದಿದ್ರೆ ಎರಡನೇ ಸಾಲಿಗೆ ಅವನು ಬಂದು ಕೂತ್ಬಿಡ್ತಾನೆ. ಮನೇಲಿ ಜನ ಇದ್ರೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಓದಿ, ಟೆರೇಸಿಗೆ ಹೋಗಿ, ಇಲ್ಲಾ ಸಂಜೆ ಅಮಾನಿಕೆರೆ ಕಡೆ ವಾಕಿಂಗ್ ಹೋಗಿ ಇಯರ್‌ಫೋನ್ ಹಾಕ್ಕೊಳಿ, ಯಾರ ಜೊತೆನೋ ಫೋನಲ್ಲಿ ಜಗಳ ಆಡ್ತಿದಾಳೆ ಅಂದ್ಕೋತಾರೆ, ಒಂದು ಲೆಕ್ಕದಲ್ಲಿ ನಿಜಾನೇ.

ಒಂದು ವಾರ ಓದಿದ್ಮೇಲೆ ನಿಮ್ಮದೇ ಒಂದು ಬರೀರಿ. ಕಷ್ಟ ಏನಿಲ್ಲ, ಆ ಕೀರ್ತನೆಗಳಿಗೆಲ್ಲಾ ಹೆಚ್ಚುಕಮ್ಮಿ ಒಂದೇ ಕಟ್ಟು, ಮೊದಲು ಕರೀತಾರೆ, ಆಮೇಲೆ ಏನಾಯ್ತು ಅಂತ ದೂರ್ತಾರೆ, ಆಮೇಲೆ ಇಂಥದ್ದು ಮಾಡು ಅಂತ ಕೇಳ್ತಾರೆ, ಕೊನೇಲಿ ಆದ್ರೂ ನಿನ್ನನ್ನೇ ನಂಬಿದೀನಿ ಅಂತಾರೆ. ನಾನು ಹಳೇ ಲೆಡ್ಜರ್ ಹಿಂದೆ ಬರೆದಿದ್ದು ಹೀಗಿತ್ತು:

ಕರ್ತನೇ, ಕೇಳಿಸ್ತಿದ್ಯಾ. ಅವನ ಹೆಸರು ನಿನ್ನ ಮನೇಲೇ ಓದಿದ್ರು, ಎಲ್ಲರೂ ತಿರುಗಿ ನನ್ನ ನೋಡಿದ್ರು, ನೀನು ಆಗ ಎಲ್ಲಿದ್ದೆ. ಅವರಮ್ಮ ನನ್ನ ಸೊಸೆ ಅಂತ ಒಂದು ಸಲ ಕರೆದಿದ್ರು, ಆ ಮಾತು ನನ್ನ ಕಿವಿಯಿಂದ ತೆಗಿ. ನಾಳೆ ಆಫೀಸಿಗೆ ಹೋಗೋ ಅಷ್ಟು ಶಕ್ತಿ ಕೊಡು, ನಾಡಿದ್ದರದು ನಾಡಿದ್ದು ಕೇಳ್ತೀನಿ. ನಂಬಿದೀನಿ ಅಂತ ಬರೆಯೋಕೆ ಇವತ್ತು ಕೈ ಬರ್ತಿಲ್ಲ.

ಕೊನೇ ಸಾಲು ನೋಡಿ ಇದು ಪ್ರಾರ್ಥನೇನಾ ಅಂತ ಭಯ ಆಯ್ತು. ನಿಮಗೂ ಹಾಗೆ ಅನ್ನಿಸಿದ್ರೆ ಕೀರ್ತನೆ 88 ಓದಿ. ಅದರಲ್ಲಿ ಸಮಾಧಾನದ ಸಾಲೇ ಇಲ್ಲ, ನೆಂಟರಿಷ್ಟರೆಲ್ಲ ದೂರ ಆದ್ರು, ಉಳಿದಿರೋದು ಕತ್ತಲೆ ಅಂತ ಅಲ್ಲಿಗೆ ನಿಂತುಹೋಗತ್ತೆ. ಅದನ್ನ ಯಾರೂ ಬೈಬಲ್‌ನಿಂದ ಕಿತ್ತು ಹಾಕಿಲ್ಲವಲ್ಲ.

ಬರೆಯೋಕೂ ಓದೋಕೂ ಆಗದ ದಿನ ಇರತ್ತೆ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8:26ರಲ್ಲಿ ನಮಗೆ ಹೇಗೆ ಬೇಡ್ಕೋಬೇಕು ಅಂತ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮ್ಮ ಪರವಾಗಿ ಬೇಡ್ಕೊಳ್ತಾನೆ ಅಂತಿದೆ, ಅಂಥ ದಿನ ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಬಾಯಿಪಾಠದ ಪ್ರಾರ್ಥನೆ ಒಂದೇ ಹೇಳಿ ಮಲಗಿ. ನನ್ನ ಆಫೀಸಿನ ಕ್ಯಾಥೊಲಿಕ್ ಗೆಳತಿ ಅವಳ ಜಪಸರ ಕೊಟ್ಟಿದ್ಲು. ನಾವು ಪ್ರಾಟೆಸ್ಟೆಂಟರು, ಮರಿಯಮ್ಮನ ಪ್ರಾರ್ಥನೆ ನನಗೆ ಬಾಯಿಗೆ ಬರಲ್ಲ, ಆದ್ರೆ ಒಂದೊಂದು ಮಣಿಗೆ ಕರ್ತನೇ ಕರುಣಿಸು ಅಂತ ಹೇಳ್ಕೊಂಡು ಹೋದೆ, ಕೈಗೆ ಒಂದು ಕೆಲಸ ಇದ್ರೆ ಫೋನ್ ಎತ್ತಲ್ಲ ನೋಡಿ. ತಪ್ಪು ಅಂತ ಹೇಳೋರು ಹೇಳ್ಲಿ.

ಸಮಾಧಾನ ಹೇಳೋಕೆ ಬರೋರು

ಇವರನ್ನ ತಪ್ಪಿಸ್ಕೊಳೋದೇ ಒಂದು ಕಲೆ. ದೇವರ ಚಿತ್ತ ಕಣಮ್ಮ ಅಂತಾರೆ. ಇದಕ್ಕಿಂತ ಒಳ್ಳೇದು ಇಟ್ಟಿದಾನೆ ಅಂತಾರೆ. ಒಬ್ಬ ಆಂಟಿ ಅಂತೂ ನೀನು ಕ್ವಯರಲ್ಲಿ ಮನುಷ್ಯನ್ನ ನೋಡ್ತಿದ್ದೆ, ಅದಕ್ಕೇ ದೇವರು ಕಿತ್ಕೊಂಡ ಅಂದ್ರು. ಬೈಬಲ್‌ನಲ್ಲಿ ಮಕ್ಕಳು ಆಸ್ತಿ ಎಲ್ಲಾ ಕಳ್ಕೊಂಡ ಯೋಬ ಇದಾನಲ್ಲ, ಅವನ ಸ್ನೇಹಿತರು ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂತಿದ್ರು, ಒಂದು ಮಾತಿಲ್ಲ, ಅಲ್ಲಿವರೆಗೆ ಅವರು ಬಂಗಾರದಂಥ ಜನ. ಬಾಯಿ ತೆಗೆದ ಮೇಲೆ ಕೆಟ್ಟಿದ್ದು. ಕೊನೇಲಿ ದೇವರಿಗೆ ಸಿಟ್ಟು ಬರೋದು ಬೈದಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಮಾಡಿದ ಈ ಸ್ನೇಹಿತರ ಮೇಲೆ, ಯೋಬನ ಪುಸ್ತಕದ 42ನೇ ಅಧ್ಯಾಯ ಓದಿ ನೋಡಿ.

ಹಾಗಂತ ಆಂಟಿ ಜೊತೆ ವಾದ ಮಾಡೋಕೆ ಹೋಗ್ಬೇಡಿ, ಸರಿ ಆಂಟಿ ಪ್ರಾರ್ಥನೆ ಮಾಡಿ ಅಂತ ಹೇಳಿ ಜಾಗ ಖಾಲಿ ಮಾಡಿ. ನಿಮ್ಮ ಕಡೆಯಿಂದ ಒಬ್ರನ್ನೋ ಇಬ್ರನ್ನೋ ಮಾತ್ರ ಆರಿಸ್ಕೊಳಿ, ಸುಮ್ನೆ ಕೂತ್ಕೊಳೋಕೆ ಬರೋರನ್ನ. ಮನೆ ಕೂಟದಲ್ಲಿ ಎದ್ದು ನಿಂತು ಪ್ರಾರ್ಥನೆ ವಿಷಯ ಅಂತ ಹೇಳ್ಬೇಡಿ, ಬೆಳಗ್ಗೆ ಪ್ರಾರ್ಥನೆಗೆ ಅಂತ ಹೇಳಿದ್ದು ಸಂಜೆ ಹೊತ್ತಿಗೆ ನಮ್ಮೂರ ಬಟವಾಡಿ ಏರಿಯಾ ದಾಟಿರತ್ತೆ.

ಇನ್ನೊಂದು ಥರದವರಿದ್ದಾರೆ, ಕರ್ತರು ನನಗೆ ತೋರಿಸಿದ್ರು ಅವನು ನಿನಗೇ ಅಂತ ಅನ್ನೋರು. ಪ್ರಕಟಣೆ ಎರಡನೇ ವಾರ ಆಗಿದ್ರೂ ಒಬ್ರು ನನಗೆ ಹಾಗೆ ಹೇಳಿದ್ರು, ನಾನು ನಂಬಿದೆ, ಆ ಉಪವಾಸ ಎಲ್ಲಾ ಅದರಿಂದಾನೇ. ಇಂಥ ಮಾತು ಕೇಳೋಕೆ ಜೇನು, ಆದ್ರೆ ಮದುವೆ ಆಗಿಹೋದ ದಿನ ನೀವು ಕಳ್ಕೊಳೋದು ಅವನೊಬ್ಬನ್ನೇ ಅಲ್ಲ, ದೇವರನ್ನೂ. ಪೌಲನಂಥ ಪೌಲನೇ ತನ್ನ ಮೈಯಲ್ಲಿದ್ದ ಮುಳ್ಳು ತೆಗಿ ಅಂತ ಮೂರು ಸಲ ಕೇಳಿ, ಇಲ್ಲ, ನನ್ನ ಕೃಪೆ ಸಾಕು ಅಂತ ಅನ್ನಿಸ್ಕೊಂಡೋನು. ಇಲ್ಲ ಅನ್ನೋದೂ ಒಂದು ಉತ್ತರ ಅಂತ ಒಪ್ಕೊಳೋಕೆ ನನಗೆ ಒಂದು ವರ್ಷ ಹಿಡೀತು.

ಅದೇ ಚರ್ಚಿಗೆ ಹೋಗೋದಾ

ಚಿಕ್ಕ ಊರು, ಅದೇ ಬೆಂಚು, ಅದೇ ಜನ. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೇಲಿ ಸಮಾಧಾನ ಕೊಡೋದು ಅಂತ ಕೈಯಿಂದ ಕೈಗೆ ಬರತ್ತಲ್ಲ, ಒಂದು ಭಾನುವಾರ ಅದು ಅವರಮ್ಮನ ಕೈಯಿಂದ ನನ್ನ ಕೈಗೇ ಬಂತು. ಇಬ್ರ ಕೈಯೂ ತಣ್ಣಗಿತ್ತು. ಮುಂದಿನ ವಾರದಿಂದ ನಾನು ಗುಬ್ಬಿಲಿರೋ ಚಿಕ್ಕಮ್ಮನ ಮನೆಗೆ ಹೋಗೋಕೆ ಶುರು ಮಾಡ್ದೆ, ಸುಮಾರು 20 ಕಿಲೋಮೀಟರ್, ಬೆಳಗ್ಗೆ ಬಸ್ಸು ಹತ್ತಿ ಅವರ ಜೊತೆ ಆರಾಧನೆ, ಮಧ್ಯಾಹ್ನ ಊಟ, ಸಂಜೆ ವಾಪಸ್. ಗುಬ್ಬಿಗೆ ವೆಸ್ಲಿಯನ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದ ಮಿಶನರಿಗಳು 1830ರ ದಶಕದಲ್ಲೇ ಬಂದು ಕನ್ನಡ ಕಲಿತು ಕೂತಿದ್ರು, ನಾನು ಬರೀ ಅವನ ಮುಖ ತಪ್ಪಿಸೋಕೆ ಅಲ್ಲಿಗೆ ಹೋದೋಳು. ಅಲ್ಲಿ ಯಾರಿಗೂ ನನ್ನ ಕಥೆ ಗೊತ್ತಿರಲಿಲ್ಲ, ಹಿಂದಿನ ಸಾಲಲ್ಲಿ ಕೂತು ಹಾಡದೇ ಸುಮ್ನೆ ನಿಂತ್ರೂ ಯಾರೂ ಕೇಳ್ತಿರಲಿಲ್ಲ. ಏಳು ತಿಂಗಳು ಹಾಗೇ ಮಾಡ್ದೆ. ನೀವೂ ಮಾಡಿ, ಸಭೆ ಬಿಟ್ಟು ಓಡಿಹೋದ್ಲು ಅಂತ ಅಂದ್ರೆ ಅನ್ಲಿ, ಆದ್ರೆ ಭಾನುವಾರ ಮನೇಲೇ ಮಲಗಿಬಿಡೋದು ಮಾತ್ರ ಬೇಡ, ಆ ಮಧ್ಯಾಹ್ನಗಳು ಬಹಳ ಉದ್ದ ಇರತ್ತೆ.

ಕ್ವಯರೂ ಬಿಡಿ ಸ್ವಲ್ಪ ದಿನ. ಕ್ರಿಸ್ಮಸ್ ಕ್ಯಾರಲ್ ರೌಂಡ್ಸ್ ಅಂತ ಹೊರಟ್ರೆ ರಾತ್ರಿ ಹನ್ನೆರಡಕ್ಕೆ ಅವನ ಮನೆ ಬಾಗಿಲಲ್ಲಿ ನಿಂತು ಹಾಡಿ ಅವನ ಹೆಂಡತಿ ಕೊಡೋ ಕೇಕ್ ತಿನ್ಬೇಕಾಗತ್ತೆ. ಬೇಕಾ ಅದು?

ಒಂದು ಆರಾಧನೆ ಮಾತ್ರ ತಪ್ಪಿಸ್ಕೋಬೇಡಿ, ಗುಡ್ ಫ್ರೈಡೇ, ಹನ್ನೆರಡರಿಂದ ಮೂರು, ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಅವತ್ತು ಅತ್ರೆ ಯಾಕೆ ಅಳ್ತಿದೀಯ ಅಂತ ಯಾರೂ ಕೇಳಲ್ಲ, ಎಲ್ಲಾ ಹೆಂಗಸರೂ ಸೆರಗಲ್ಲಿ ಕಣ್ಣೊರೆಸ್ಕೊಳ್ತಿರ್ತಾರೆ, ಯಾರ್ಯಾರು ಏನೇನಕ್ಕೆ ಅಳ್ತಿದಾರೋ ಯಾರಿಗ್ಗೊತ್ತು. ನಾಲ್ಕನೇ ಮಾತು, ನನ್ನ ದೇವರೇ ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಅನ್ನೋದು, ಅದು ಕೀರ್ತನೆ 22ರ ಮೊದಲ ಸಾಲು. ಯೇಸು ಸ್ವಾಮಿ ಶಿಲುಬೆ ಮೇಲೆ ಸಾಯೋ ಹೊತ್ತಲ್ಲಿ ಬಾಯಿಗೆ ಬಂದಿದ್ದು ಆ ದೂರಿನ ಕೀರ್ತನೆ. ನನ್ನ ಲೆಡ್ಜರಿನ ಪ್ರಾರ್ಥನೆ ಬಗ್ಗೆ ಇದ್ದ ಭಯ ಹೋಗಿದ್ದು ಅವತ್ತು.

ಸಾವಿನಿಂದ ಕಳ್ಕೊಂಡೋರಿಗೆ

ನನ್ನದು ಬದುಕಿರೋನನ್ನ ಕಳ್ಕೊಂಡಿದ್ದು, ಚಿಕ್ಕಮ್ಮನದು ಚಿಕ್ಕಪ್ಪ ತೀರ್ಕೊಂಡಿದ್ದು, ಎರಡೂ ಒಂದೇ ಅಂತ ಹೇಳೋ ಧೈರ್ಯ ನನಗಿಲ್ಲ. ಆದ್ರೆ ಆ ಏಳು ತಿಂಗಳಲ್ಲಿ ಊಟದ ಮೇಲೆ ಅವರು ಹೇಳಿದ್ದನ್ನ ಹೇಳ್ತೀನಿ. ಯೋಹಾನನ ಸುವಾರ್ತೆ 11ರಲ್ಲಿ ಯೇಸುವಿನ ಸ್ನೇಹಿತ ಲಾಜರ ಸತ್ತು ನಾಲ್ಕು ದಿನ ಆದ್ಮೇಲೆ ಯೇಸು ಬರ್ತಾನೆ, ಲಾಜರನ ಅಕ್ಕ ಮಾರ್ಥ ನೀನು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ಮುಖಕ್ಕೇ ಹೇಳ್ತಾಳೆ, ಆಮೇಲೆ ಮಾರ್ಥಳ ತಂಗಿ ಮರಿಯಳೂ ಬಂದು ಅದನ್ನೇ ಹೇಳ್ತಾಳೆ. ಲಾಜರನ್ನ ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಅತ್ತ. ಚಿಕ್ಕಮ್ಮ ಅಂದಿದ್ದು ಇಷ್ಟೇ, ಪುನರುತ್ಥಾನ ಇದೆ ಯಾಕಳ್ತೀಯ ಅಂತ ನನಗೆ ಹೇಳೋರಿಗೆ ಆ ವಚನ ತೋರಿಸ್ತೀನಿ. ಪೌಲ ಥೆಸಲೋನಿಕದವರಿಗೆ ಬರೆಯೋವಾಗ್ಲೂ ನಿರೀಕ್ಷೆ ಇಲ್ಲದವರ ಹಾಗೆ ದುಃಖ ಪಡಬೇಡಿ ಅಂತಾನೆ, ದುಃಖಾನೇ ಪಡಬೇಡಿ ಅಂದಿಲ್ಲ. ಈಸ್ಟರ್ ಬೆಳಗಿನ ಜಾವ ಅವರು ಸಮಾಧಿ ತೊಳೆದು ಹೂ ಇಟ್ಟು ಕ್ಯಾಂಡಲ್ ಹಚ್ಚಿ, ಮನೇಲಿ ಆದ ಖರ್ಚು ವೆಚ್ಚ ಎಲ್ಲಾ ಚಿಕ್ಕಪ್ಪನಿಗೆ ಒಪ್ಪಿಸಿ ಬರ್ತಾರೆ.

ಮದುವೆ ದಿನ, ಮತ್ತೆ ಅವನು ಕೊಟ್ಟಿದ್ದ ಬೈಬಲ್

ಮದುವೆ ದಿನಕ್ಕೆ ಮೊದಲೇ ಪ್ಲಾನ್ ಮಾಡಿಡಿ, ಅವತ್ತು ನೋಡ್ಕೊಳೋಣ ಅಂತ ಬಿಡಬೇಡಿ. ಆಫೀಸಿಗೆ ರಜ ಹಾಕಿ, ಫೋನ್ ಬೇರೆಯವರ ಕೈಗೆ ಕೊಡಿ, ಇಲ್ಲಾಂದ್ರೆ ಎಲ್ಲರ ಸ್ಟೇಟಸ್ಸಲ್ಲೂ ಅದೇ ಫೋಟೋ. ನಾನೂ ಆ ಜಪಸರದ ಗೆಳತಿನೂ ಸ್ಕೂಟರಲ್ಲಿ ದೇವರಾಯನದುರ್ಗದ ಕಡೆ ಹೋಗಿ ನಾಮದ ಚಿಲುಮೆ ಹತ್ರ ಮರದ ಕೆಳಗೆ ಕೂತು ಚಿತ್ರಾನ್ನ ತಿಂದ್ವಿ, ಮಂಗಗಳು ಅರ್ಧ ಕಿತ್ಕೊಂಡು ಹೋದ್ವು. ಹನ್ನೊಂದು ಗಂಟೆ ಆದಾಗ ಈಗ ತಾಳಿ ಕಟ್ತಿರ್ತಾನೆ ಅಂದೆ, ಅವಳು ಸುಮ್ನೆ ನೀರಿನ ಬಾಟಲ್ ಕೊಟ್ಲು. ಅಷ್ಟೇ ಆ ದಿನ.

ಅವನಿಗೋಸ್ಕರ ಪ್ರಾರ್ಥನೆ ಮಾಡ್ಬೇಕಾ ಅಂತ ಕೇಳಿದ್ರೆ, ಮಾಡ್ಬೇಕು, ಆದ್ರೆ ಅವಸರ ಇಲ್ಲ. ಕ್ಷಮಿಸಿದೀನಿ ಅಂತ ಮೊದಲ ವಾರವೇ ಹೇಳ್ದೋರು ಎರಡನೇ ತಿಂಗಳು ಅವನ ಲಾಸ್ಟ್ ಸೀನ್ ನೋಡ್ತಾ ಕೂತಿರ್ತಾರೆ. ನನ್ನ ಬಾಯಲ್ಲಿ ಅವನ ಹೆಸರು ಪ್ರಾರ್ಥನೇಲಿ ಬಂದಿದ್ದು ಎರಡು ವರ್ಷ ಆದ್ಮೇಲೆ, ಅವನ ಮಗು ಹುಷಾರಿಲ್ಲ ಅಂತ ಪ್ರಾರ್ಥನೆಗೆ ಹೇಳಿದ್ರು, ಎಲ್ಲರ ಜೊತೆ ನಾನೂ ಕಣ್ಮುಚ್ಚಿ ಹೇಳ್ಬಿಟ್ಟೆ, ಹೇಳಿದ್ಮೇಲೆ ಓ ಹೇಳ್ದೆನಲ್ಲ ಅನ್ನಿಸ್ತು.

ಅವನು ನನ್ನ ಬರ್ತ್‌ಡೇಗೆ ಕೊಟ್ಟಿದ್ದ ಬೈಬಲ್ ಒಂದಿದೆ, ಮೊದಲ ಹಾಳೇಲಿ ಅವನ ಅಕ್ಷರ. ಇಂಥದ್ದು ನಿಮ್ಮ ಹತ್ರಾನೂ ಇದ್ರೆ ಸುಡೋದು, ವಾಪಸ್ ಎಸೆಯೋದು ಅಂತ ಸಿನಿಮಾ ಮಾಡ್ಬೇಡಿ, ಹಾಳೆ ಹರೀಲೂ ಬೇಡಿ. ಬಟ್ಟೇಲಿ ಸುತ್ತಿ ಕಣ್ಣಿಗೆ ಬೀಳದ ಕಡೆ ಇಡಿ. ಓದೋಕೆ ಹೊಸದೊಂದು ತಗೊಳಿ, ಚಿಕ್ಕದು, ಹ್ಯಾಂಡ್‌ಬ್ಯಾಗಲ್ಲಿ ಹಿಡಿಯೋ ಅಂಥದ್ದು, ಅದರಲ್ಲಿ ಯಾವ ಗೆರೆನೂ ಇರಲ್ಲ, 55ಕ್ಕೆ ನೀವೇ ಮೊದಲ ಗೆರೆ ಹಾಕಿ. ನನ್ನ ಹಳೇದು ಅಮ್ಮನ ಟ್ರಂಕಲ್ಲಿ ರೇಷ್ಮೆ ಸೀರೆ ಕೆಳಗಿದೆ. ಹೋದ ತಿಂಗಳು ಸೀರೆ ಬಿಸಿಲಿಗೆ ಹಾಕೋವಾಗ ಕೈಗೆ ಸಿಕ್ತು, ನುಸಿಗುಳಿಗೆ ವಾಸನೆ ಹೊಡೀತಿತ್ತು, ಅದನ್ನೂ ಸೀರೆ ಪಕ್ಕ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಮತ್ತೆ ಒಳಗಿಟ್ಟೆ.